ಊರೂರು ನಡೆದ ಮೇಳಕ್ಕೆ ನಾಡೋಜ

ವಿಶ್ವವಿದ್ಯಾಲಯದ ಬ್ಯಾಂಡ್ ಅಂದ್ರೆ ಕಣ್ಮುಂದೆ ಬರೋದು ಸಮವಸ್ತ್ರ, ತುತ್ತೂರಿ, ಕವಾಯತು. ಆದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ನಾಡೋಜ ಗೌರವ ಕೊಟ್ಟಿದ್ದು ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರಿಗೆ. ಅವರದ್ದೂ ನಡೆಯೋ ಮೇಳವೇ. ಅಲೆಮಾರಿ ಬುಡ್ಗಜಂಗಮರು ಊರಿಂದೂರಿಗೆ ನಡೆದು ಕಥೆ ಹಾಡಿ ಬದುಕಿದವರು.

ಬುರ್ರಕಥೆಯಲ್ಲಿ ನಡುವೆ ನಿಂತವರ ಕೈಲಿ ತಂಬೂರಿ, ಹೆಬ್ಬೆರಳಿಗೆ ಲೋಹದ ಉಂಗುರ. ಅಕ್ಕಪಕ್ಕದವರ ಕೈಲಿ ಡಕ್ಕಿ. ಕಥೆಗಾರ್ತಿ ಸಾಲು ಹಾಡಿದ್ರೆ ಪಕ್ಕದವರು ಸೊಲ್ಲು ಹಿಡೀತಾರೆ. ಆಕೆಗೆ ಉಸಿರು ಸಿಗೋದು, ಮುಂದಿನ ಸಾಲು ಕೂಡಿಸಿಕೊಳ್ಳೋಕೆ ಸಮಯ ಸಿಗೋದು ಆ ಬಿಡುವಿನಲ್ಲೇ. ಅಕ್ಷರ ಕಲಿಯದ ಈರಮ್ಮ, ನಮ್ಮ ಕುಮ್ಮಟದುರ್ಗದ ಕುಮಾರರಾಮನ ಕಥೆಯೂ ಸೇರಿ, 12 ಮಹಾಕಾವ್ಯಗಳನ್ನ ನೆನಪಿನಿಂದಲೇ ಹಾಡ್ತಿದ್ರು! ವಿದ್ವಾಂಸರು ಬರೆದುಕೊಂಡ್ರು, ಕೆಲವು ಪುಸ್ತಕಗಳೂ ಆದವು.

2014ರ ಆಗಸ್ಟ್‌ನಲ್ಲಿ ಈರಮ್ಮ ತೀರಿಕೊಂಡರು. ಪುಸ್ತಕ ಉಳಿದಿದೆ, ಸರಿ. ಪುಸ್ತಕ ಓದಿ ಡಕ್ಕಿ ಬಾರಿಸೋಕೆ ಆಗುತ್ತಾ? ಅದನ್ನ ಪಕ್ಕದಲ್ಲಿ ನಿಂತೇ ಕಲೀಬೇಕು. ಪ್ರಶಸ್ತಿ ಕೊಟ್ಟು ಶಾಲು ಹೊದಿಸಿದ್ರೆ ಸಾಲದು. ಆ ಸಮುದಾಯದ ಕಲಾವಿದರನ್ನೇ ಮೇಷ್ಟ್ರಾಗಿ ನೇಮಿಸಿ, ತಿಂಗಳ ಸಂಬಳ ಕೊಟ್ಟು, ದರೋಜಿಯ ಮಕ್ಕಳಿಗೆ ಕಲಿಸಬೇಕು ಅನ್ನೋದು ನನ್ನ ವಾದ.