ಒಂದೇ ಅಕ್ಷರ: 'ಆರ್'

ಲಿಸ್ಟ್‌ನಲ್ಲಿ ಮೊದಲು ಬಂದ ಹೆಸರನ್ನು ಓದದೇ ಒತ್ತೋದು ನಮ್ಮೆಲ್ಲರ ಅಭ್ಯಾಸ. ವಾಟ್ಸಾಪ್‌ನಲ್ಲಿ ಮೆಸೇಜ್ ಬೇರೆಯವರಿಗೆ ಹೋದ್ರೆ ಸಾರಿ ಅಂದ್ರೆ ಮುಗೀತು. ಕಾಕ್‌ಪಿಟ್‌ನಲ್ಲಿ?

ಮೋಡ, ಕತ್ತಲೆ ಇದ್ದಾಗ ಉಪಕರಣ ನಂಬಿ ರನ್‌ವೇ ಕಡೆ ಇಳಿಯುವ ನಿಗದಿತ ದಾರಿಗೆ ಇನ್‌ಸ್ಟ್ರುಮೆಂಟ್ ಅಪ್ರೋಚ್ ಅಂತಾರೆ. ಪೈಲಟ್ ಅದನ್ನು ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್‌ನಲ್ಲಿ ಆರಿಸಬೇಕು. ಬೋಯಿಂಗ್‌ನಲ್ಲಿ ಹೊಸ ದಾರಿ ಮೊದಲು ಮ್ಯಾಪ್ ಮೇಲೆ ಬಿಳಿ ತುಂಡುಗೆರೆಯಾಗಿ ಬರುತ್ತೆ. ಎಕ್ಸಿಕ್ಯೂಟ್ ಒತ್ತಿದ ಮೇಲೆ ಮಜೆಂಟಾ ಬಣ್ಣಕ್ಕೆ ತಿರುಗುತ್ತೆ. ನಡುವಿನ ಆ ಕ್ಷಣ ಇರೋದೇ ಚಾರ್ಟ್ ಜೊತೆ ತಾಳೆ ನೋಡೋಕೆ.

1995ರ ಡಿಸೆಂಬರ್ 20ರ ರಾತ್ರಿ, ಕೊಲಂಬಿಯಾದ ಕಾಲಿ ನಗರ. ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ಇಳಿಯುತ್ತಿತ್ತು. ಕೊನೆಗಳಿಗೆಯಲ್ಲಿ ಬೇರೆ ರನ್‌ವೇ ಒಪ್ಪಿಕೊಂಡರು, ಹಾಗಾಗಿ ಬೇರೆ ಅಪ್ರೋಚ್, ಸಮಯವೂ ಕಮ್ಮಿ. ದಾರಿಯಲ್ಲಿ ರೋಜೋ ಎಂಬ ರೇಡಿಯೋ ಬೀಕನ್. ಚಾರ್ಟ್‌ನಲ್ಲಿ ಅದರ ಗುರುತು 'ಆರ್'. ಕಂಪ್ಯೂಟರ್‌ಗೆ 'ಆರ್' ಕೊಟ್ಟರು, ಲಿಸ್ಟ್‌ನ ಮೊದಲನೆಯದನ್ನು ಆರಿಸಿ ಎಕ್ಸಿಕ್ಯೂಟ್ ಮಾಡಿದರು. ಅದು ಬೊಗೋಟಾ ಹತ್ತಿರದ ರೋಮಿಯೋ ಬೀಕನ್! ವಿಮಾನ ಎಡಕ್ಕೆ, ಬೆಟ್ಟಗಳ ಕಡೆ ತಿರುಗಿತು. ಗೊತ್ತಾಗಿ ಬಲಕ್ಕೆ ತಿರುಗಿಸಿದರು, ಆದರೆ ಇಳಿಯೋದು ನಿಂತಿರಲಿಲ್ಲ. ಎಚ್ಚರಿಕೆ ಕೂಗಿದಾಗ ಮೂಗು ಮೇಲೆತ್ತಿದರೂ ಸ್ಪೀಡ್‌ಬ್ರೇಕ್ ತೆರೆದೇ ಇತ್ತು. 163 ಜನರಲ್ಲಿ ಉಳಿದದ್ದು 4.

ಪೈಲಟ್ ತಪ್ಪು ಅಂತ ಹೇಳಿಬಿಡಬಹುದು, ಇತ್ತು ಕೂಡ. ಆದ್ರೆ ಆ ಲಿಸ್ಟ್‌ನಲ್ಲಿ ರೋಜೋ ಇರಲೇ ಇಲ್ಲ. ಡೇಟಾಬೇಸ್‌ನಲ್ಲಿ ಅದು ಸಿಗಬೇಕಾದ್ರೆ ಪೂರ್ತಿ ಹೆಸರೇ ಟೈಪ್ ಮಾಡಬೇಕಿತ್ತು. ಚಾರ್ಟ್‌ನಲ್ಲಿ ಒಂದು, ಡೇಟಾಬೇಸ್‌ನಲ್ಲಿ ಇನ್ನೊಂದು. ನಾಳೆ ಇಂಥ ಡೇಟಾಬೇಸ್ ಬರೆಯೋರು ನಾವೇ ಅಲ್ವಾ?