ಘಟಿಕೋತ್ಸವದ ಪದಕವೂ ಅದರ ಹೊಣೆಯೂ

ವಿಶ್ವವಿದ್ಯಾನಿಲಯಗಳಲ್ಲಿ ವರ್ಷಕ್ಕೊಮ್ಮೆ ಘಟಿಕೋತ್ಸವವು ಜರುಗುವುದೆಂಬುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಈ ಶಾಲೆಯಲ್ಲಿ ಓದಿ ಮುಂದೆ ಕಾಲೇಜುಗಳನ್ನು ಸೇರಿದ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಗೌನು ಧರಿಸಿ ಆ ಸಭೆಯಲ್ಲಿ ಕುಳಿತವರೇ ಆಗಿದ್ದಾರೆ. ಮಗಳ ಹೆಸರನ್ನು ಕೂಗುವ ಕ್ಷಣಕ್ಕಾಗಿ ಹಿಂದಿನ ಸಾಲುಗಳಲ್ಲಿ ಕಾದು ಕುಳಿತ ತಾಯಿತಂದೆಗಳೂ ಈ ಪುಟಗಳನ್ನು ಓದುವವರಲ್ಲಿ ಉಂಟು. ಆ ಸಭೆಯಲ್ಲಿ ಎರಡು ಬಗೆಯ ಸನ್ಮಾನಗಳು ನಡೆಯುತ್ತವೆ. ವ್ಯಾಸಂಗವನ್ನು ಆಗತಾನೆ ಮುಗಿಸಿ ಅಗ್ರಸ್ಥಾನ ಪಡೆದ ತರುಣ ತರುಣಿಯರಿಗೆ ಪದಕಗಳು ಸಲ್ಲುವುದು ಒಂದು. ಬಹುಕಾಲದ ಸಾಧನೆಯಿಂದ ನಾಡಿಗೆ ಉಪಕಾರ ಮಾಡಿದ ಹಿರಿಯರಿಗೆ ಗೌರವ ಪದವಿಯು ಸಲ್ಲುವುದು ಇನ್ನೊಂದು. ಇವೆರಡನ್ನೂ ಒಂದೇ ವೇದಿಕೆಯ ಮೇಲೆ ನಡೆಯಿಸುವುದರ ಅಭಿಪ್ರಾಯವೇನು, ಇವು ಹೇಗೆ ನಿರ್ಣಯವಾಗುತ್ತವೆ, ಇವುಗಳಿಂದ ನಮಗೆ ಉಂಟಾಗುವ ಹೊಣೆಯೇನು ಎಂಬುದನ್ನು ಮೈಸೂರು ವಿಶ್ವವಿದ್ಯಾನಿಲಯದ ನಿದರ್ಶನದಿಂದ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಹೆಸರಿನ ಮಾತು. ಘಟಿಕೆಯೆಂದರೆ ಪೂರ್ವಕಾಲದಲ್ಲಿ ವಿದ್ವಾಂಸರು ನೆರೆದು ಪಾಠಪ್ರವಚನಗಳನ್ನು ನಡೆಯಿಸುತ್ತಿದ್ದ ವಿದ್ಯಾಸ್ಥಾನ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಹೆಚ್ಚಿನ ವ್ಯಾಸಂಗಕ್ಕಾಗಿ ಕಂಚಿಯ ಘಟಿಕೆಗೆ ಹೋದನೆಂದು ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ವಿದ್ಯೆಯನ್ನರಸಿ ದೂರದೂರಿಗೆ ಹೋಗುವ ಪದ್ಧತಿಯು ನಮ್ಮ ನಾಡಿಗೆ ಎಷ್ಟು ಹಳೆಯದೆಂಬುದು ಇದರಿಂದ ವ್ಯಕ್ತವಾಗುವುದು. ಆ ಪ್ರಾಚೀನ ಪದವೇ ಇಂದಿನ ಪದವೀಪ್ರದಾನ ಸಮಾರಂಭದ ಹೆಸರಿನಲ್ಲಿ ಉಳಿದುಬಂದಿದೆ.

ಮೈಸೂರು ಸಂಸ್ಥಾನದ ಮಕ್ಕಳಿಗೆ ತಮ್ಮದೇ ವಿಶ್ವವಿದ್ಯಾನಿಲಯವು ದೊರೆತದ್ದು 1916ರಲ್ಲಿ. ಅದಕ್ಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳಲ್ಲಿ ಓದಿದವರು ಮದರಾಸು ವಿಶ್ವವಿದ್ಯಾನಿಲಯದ ಪದವಿಯನ್ನೇ ಪಡೆಯಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರವರು ಕುಲಾಧಿಪತಿಗಳಾಗಿಯೂ, ಎಚ್. ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾಗಿಯೂ ಇದ್ದು ಆರಂಭಿಸಿದ ಈ ಸಂಸ್ಥೆಯು, ಬ್ರಿಟಿಷರ ನೇರ ಆಳ್ವಿಕೆಗೆ ಹೊರತಾದ ಭಾರತದ ಪ್ರದೇಶಗಳಲ್ಲಿ ಮೊದಲನೆಯ ವಿಶ್ವವಿದ್ಯಾನಿಲಯವಾಯಿತು. ಇದರ ಪ್ರಥಮ ಘಟಿಕೋತ್ಸವವು 1918ರಲ್ಲಿ ನಡೆದು, ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿಯವರು ಅಂದು ಭಾಷಣ ಮಾಡಿದರು. ನೂರನೆಯ ಘಟಿಕೋತ್ಸವವು 2020ನೆಯ ಅಕ್ಟೋಬರ್ 19ರಂದು ಜರುಗಿತು.

ಸನ್ಮಾನದ ಪಟ್ಟಿಯಲ್ಲಿ ಸೇರಬೇಕಾದರೆ ಮೊದಲು ಪರೀಕ್ಷೆಯ ಪಟ್ಟಿಯಲ್ಲಿ ಸೇರಬೇಕಷ್ಟೆ. ಹೆಣ್ಣುಮಕ್ಕಳಿಗೆ ಆ ಮೊದಲ ಪಟ್ಟಿಯೇ ದುರ್ಲಭವಾಗಿದ್ದ ಕಾಲವು ಬಹಳ ಹಿಂದಿನದಲ್ಲ. ಡೆಹರಾಡೂನಿನ ಕ್ರೈಸ್ತ ಶಾಲೆಯಲ್ಲಿ ಓದುತ್ತಿದ್ದ ಚಂದ್ರಮುಖಿ ಬಸು ಎಂಬ ಬಂಗಾಳಿ ಬಾಲಿಕೆಯು 1876ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರವೇಶ ಮಟ್ಟದ ಪರೀಕ್ಷೆಯನ್ನು ಬರೆದು ತೇರ್ಗಡೆಯಾಗುವಷ್ಟು ಯೋಗ್ಯತೆಯನ್ನು ತೋರಿಸಿದಳು. ಆದರೆ ಸ್ತ್ರೀಯರಿಗೆ ಅವಕಾಶ ಕೊಡುವ ನಿಯಮವು ಆಗ ಇಲ್ಲದುದರಿಂದ ಆಕೆಯ ಹೆಸರು ತೇರ್ಗಡೆಯಾದವರ ಪಟ್ಟಿಯಲ್ಲಿ ಬರಲಿಲ್ಲ. 1878ರಲ್ಲಿ ವಿಶ್ವವಿದ್ಯಾನಿಲಯವು ನಿಯಮವನ್ನು ಬದಲಾಯಿಸಿತು. 1883ರಲ್ಲಿ ಚಂದ್ರಮುಖಿ ಬಸು, ಕಾದಂಬಿನಿ ಗಂಗೂಲಿ ಇವರಿಬ್ಬರೂ ಪದವೀಧರೆಯರಾದರು. ಕಾದಂಬಿನಿಯವರು ಮುಂದೆ ವೈದ್ಯೆಯಾದರು, ಚಂದ್ರಮುಖಿಯವರು ಎಂ.ಎ. ಪದವಿಯನ್ನೂ ಸಂಪಾದಿಸಿ ಕಲ್ಕತ್ತೆಯ ಬೆಥೂನ್ ಕಾಲೇಜಿನ ಮುಖ್ಯಸ್ಥೆಯಾದರು. ಇಂದು ನಮ್ಮ ಹುಡುಗಿಯೊಬ್ಬಳ ಹೆಸರನ್ನು ವೇದಿಕೆಯಿಂದ ಕೂಗುವಾಗ ಅದರ ಹಿಂದೆ ಇಷ್ಟು ಇತಿಹಾಸವಿದೆಯೆಂಬುದನ್ನು ನೆನೆಯುವುದು ಉಚಿತ.

ಇನ್ನು ಪದಕಗಳ ಕ್ರಮವನ್ನು ನೋಡೋಣ. ಪದಕದ ಹಣವು ಸಾಮಾನ್ಯವಾಗಿ ವಿಶ್ವವಿದ್ಯಾನಿಲಯದ ಬೊಕ್ಕಸದಿಂದ ಬರುವುದಿಲ್ಲ. ಗತಿಸಿದ ತಂದೆತಾಯಿಗಳ, ಗುರುಗಳ ಅಥವಾ ಮಕ್ಕಳ ಸ್ಮರಣಾರ್ಥವಾಗಿ ಯಾರಾದರೊಬ್ಬರು ಒಂದು ಮೊತ್ತವನ್ನು ದತ್ತಿಯಾಗಿ ಇಡುತ್ತಾರೆ. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದ ಪ್ರತಿವರ್ಷವೂ ಪದಕವನ್ನೋ ನಗದು ಪಾರಿತೋಷಕವನ್ನೋ ಕೊಡುವುದು ರೂಢಿ. ಯಾರಿಗೆ ಸಲ್ಲಬೇಕೆಂಬ ನಿಬಂಧನೆಯನ್ನು ದಾನಿಗಳು ಮೊದಲೇ ಬರೆದಿಡುವರು: ಒಂದು ವಿಷಯದಲ್ಲಿ ಅತ್ಯಧಿಕ ಅಂಕಗಳನ್ನು ಗಳಿಸಿದವರಿಗೆ, ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿನಿಗೆ, ಇಂತು ನಾನಾ ವಿಧ. ಆದಕಾರಣ ಒಬ್ಬಳೇ ಹುಡುಗಿಗೆ ಒಂದೇ ದಿನ ಹತ್ತು ಪದಕಗಳು ಬರುವುದೂ, ಅವಳಿಗಿಂತ ಒಂದೇ ಅಂಕ ಕಡಮೆಯಾದವಳು ಬರಿಗೈಯಲ್ಲಿ ಮನೆಗೆ ಹೋಗುವುದೂ ಸಂಭವಿಸುತ್ತದೆ. ಚಿನ್ನದ ಬೆಲೆಯು ಏರುತ್ತ ಹೋದಂತೆ ಹಳೆಯ ದತ್ತಿಗಳ ಬಡ್ಡಿಯು ಸಾಲದೆ ಪದಕವು ತೆಳುವಾಗುವುದೂ ಉಂಟು. ಲೋಹದ ತೂಕವು ಎಷ್ಟಾದರೂ ಇರಲಿ, ಪರರ ಮಗಳ ಓದಿಗಾಗಿ ಯಾರೋ ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ಎತ್ತಿಟ್ಟರೆಂಬುದೇ ಪದಕದ ನಿಜವಾದ ಬೆಲೆಯೆಂದು ನಾವು ಭಾವಿಸುತ್ತೇವೆ.

ಗೌರವ ಪದವಿಯ ಕ್ರಮವು ಬೇರೆ. ಇದಕ್ಕೆ ಪರೀಕ್ಷೆಯಿಲ್ಲ, ಅಂಕಗಳಿಲ್ಲ. ಯೋಗ್ಯರಾದವರ ಹೆಸರುಗಳನ್ನು ವಿಶ್ವವಿದ್ಯಾನಿಲಯದ ಮಂಡಳಿಗಳು ಪರ್ಯಾಲೋಚಿಸಿ, ಕುಲಾಧಿಪತಿಗಳ ಸಮ್ಮತಿಯನ್ನು ಪಡೆದು ಪ್ರಕಟಿಸುತ್ತವೆ. ಮೊದಲು ಮಹಾರಾಜರಿಗೆ ಸೇರಿದ್ದ ಕುಲಾಧಿಪತಿ ಸ್ಥಾನವು ಬಳಿಕ ರಾಜ್ಯಪಾಲರಿಗೆ ಬಂದಿತು. ಪದಕವು ಮೂರು ಗಂಟೆಗಳ ಪ್ರಶ್ನಪತ್ರಿಕೆಯ ಉತ್ತರವನ್ನು ಅಳೆಯುವುದಾದರೆ, ಗೌರವ ಪದವಿಯು ಮೂವತ್ತು ನಾಲ್ವತ್ತು ವರ್ಷಗಳ ದುಡಿಮೆಯನ್ನು ಅಳೆಯುತ್ತದೆ. ಈ ಎರಡು ಅಳತೆಗಳೂ ಒಂದೇ ಫಲವನ್ನು ಕೊಡಬೇಕೆಂಬ ನಿಯಮವಿಲ್ಲ.

ಇದಕ್ಕೆ ಆರ್. ಕೆ. ನಾರಾಯಣರವರ ಜೀವನವೇ ಸಾಕ್ಷಿ. ಮೈಸೂರಿನಲ್ಲಿ ಶಾಲಾ ಉಪಾಧ್ಯಾಯರ ಮಗನಾಗಿದ್ದ ಅವರು ಮೊದಲ ಸಲ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಒಂದು ವರ್ಷ ಮನೆಯಲ್ಲಿಯೇ ಉಳಿದು ಪುಸ್ತಕಗಳನ್ನು ಓದುತ್ತ, ಬರೆಯುತ್ತ ಕಳೆದು, 1926ರಲ್ಲಿ ತೇರ್ಗಡೆಯಾಗಿ ಮಹಾರಾಜ ಕಾಲೇಜನ್ನು ಸೇರಿದರು. ಪದವಿಗೂ ಉಳಿದವರಿಗಿಂತ ಒಂದು ವರ್ಷ ಹೆಚ್ಚಾಗಿಯೇ ಹಿಡಿದು, 1930ರಲ್ಲಿ ಬಿ.ಎ. ಆದರು. ಮಾಲ್ಗುಡಿಯೆಂಬ ಕಲ್ಪಿತ ಊರನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟ ಈ ಲೇಖಕರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಗೌರವ ಡಾಕ್ಟರೇಟನ್ನು ಕೊಟ್ಟಿತು. ತರುಣನಾಗಿದ್ದಾಗ ನಿಧಾನವಾಗಿ ಮೆಟ್ಟಿಲೇರಿದವನನ್ನೇ ವಿದ್ಯಾಸಂಸ್ಥೆಯು ಹಿರಿಯನಾದ ಮೇಲೆ ವೇದಿಕೆಗೆ ಕರೆಯಿತು. ಈ ಸಲ ಪಟ್ಟಿಯಲ್ಲಿ ಹೆಸರು ಕಾಣದೆ ಕಣ್ಣೀರಿಡುವ ಹುಡುಗಿಗೆ ತಾಯಿತಂದೆಗಳು ಹೇಳಬಹುದಾದ ಸಮಾಧಾನದ ಮಾತು ಇದಕ್ಕಿಂತ ಬೇರೆ ಬೇಕೆ?

ಎರಡು ಅಳತೆಗಳೂ ಹೊಂದಿಬಂದ ನಿದರ್ಶನಗಳಿಗೂ ಕೊರತೆಯಿಲ್ಲ. ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿಯೂ ಅನಂತರ ಮಹಾರಾಜ ಕಾಲೇಜಿನಲ್ಲಿಯೂ ಓದಿದ ಕುವೆಂಪುರವರು 1929ರಲ್ಲಿ ಎಂ.ಎ. ಪದವಿಯನ್ನು ಪಡೆದು ಅಲ್ಲಿಯೇ ಅಧ್ಯಾಪಕರಾದರು. 1956ರಲ್ಲಿ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಆ ವರ್ಷವೇ ಅವರು ಕುಲಪತಿಗಳೂ ಆದರು. ಆ ಪೀಠವನ್ನೇರಿದವರಲ್ಲಿ ಅದೇ ವಿಶ್ವವಿದ್ಯಾನಿಲಯದ ಪದವೀಧರರು ಇವರೇ ಮೊದಲಿಗರು. ತಾವು ಪಡೆದ ಗೌರವವನ್ನು ಅವರು ಸುಮ್ಮನೆ ಧರಿಸಿ ಕುಳಿತುಕೊಳ್ಳಲಿಲ್ಲ. ಕನ್ನಡದಲ್ಲಿ ಉನ್ನತ ಶಿಕ್ಷಣವು ನಡೆಯಬೇಕೆಂದು ದುಡಿದರು; ವಿದ್ಯಾರ್ಥಿಗಳಿಗಾಗಿ ಮಾನಸಗಂಗೋತ್ರಿಯನ್ನು ಕಟ್ಟಿಸಿ ಹೆಸರನ್ನೂ ತಾವೇ ಇಟ್ಟರು.

ಆದರೆ ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದ ನಿದರ್ಶನವು ರಾಜೇಶ್ವರಿ ಚಟರ್ಜಿಯವರದು. 1922ರಲ್ಲಿ ಜನಿಸಿದ ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಅವರು ತಮ್ಮ ಪದವಿಯನ್ನು ಮನೆಯ ಗೋಡೆಗೆ ಮಾತ್ರ ಮೀಸಲಿಡದೆ, ವಿಧವೆಯರ ಹಾಗೂ ಪತಿಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಅವರು ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಅಕ್ಷರಾಭ್ಯಾಸವು ನಡೆಯಿತು. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ರಾಜೇಶ್ವರಿಯವರು ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಪರೀಕ್ಷೆಗಳೆರಡರಲ್ಲಿಯೂ ಪ್ರಥಮ ಸ್ಥಾನವನ್ನು ಪಡೆದರು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಪ್ರಶಸ್ತಿಯೂ, ಎಂ. ಟಿ. ನಾರಾಯಣ ಅಯ್ಯಂಗಾರ್ ಬಹುಮಾನವೂ, ವಾಲ್ಟರ್ಸ್ ಸ್ಮಾರಕ ಬಹುಮಾನವೂ ಅವರಿಗೆ ದೊರೆತವು.

ಇಲ್ಲಿಗೆ ಕಥೆಯು ಮುಗಿದಿದ್ದರೆ ಅವರ ಹೆಸರು ಹಳೆಯ ಕ್ಯಾಲೆಂಡರಿನ ಒಂದು ಸಾಲಿನಲ್ಲಿ ಅಡಗಿ ಹೋಗುತ್ತಿತ್ತು. 1943ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವು ಅವರನ್ನು ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡಿತು. ಮಹಾಯುದ್ಧವು ಮುಗಿದ ಮೇಲೆ, ಹೊರದೇಶಗಳಲ್ಲಿ ಓದಲು ಸರಕಾರವು 1946ರಲ್ಲಿ ಆರಿಸಿದ ಪ್ರತಿಭಾವಂತರಲ್ಲಿ ಅವರೂ ಒಬ್ಬರಾದರು. ಹಡಗನ್ನೇರಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜಿನಿಯರಿಂಗನ್ನು ಅಭ್ಯಸಿಸಿ, 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಅನಂತರ ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಿಕೆಯಾಗಿ, ಪ್ರೊಫೆಸರಾಗಿ, ಪತಿಯಾದ ಶಿಶಿರ ಕುಮಾರ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ರಡಾರ್ ಯಂತ್ರಕ್ಕೂ ದೂರಸಂಪರ್ಕಕ್ಕೂ ಆಧಾರವಾದ ವಿದ್ಯೆಯದು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಪ್ರಸಿದ್ಧರಾದ ಅವರು 2010ರಲ್ಲಿ ದಿವಂಗತರಾದರು.

ಈ ವೃತ್ತಾಂತವನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಕೊಂಡಿಗಳು ಕಾಣುತ್ತವೆ. ಓದಿದ ಅಜ್ಜಿಯೊಬ್ಬಳು ಶಾಲೆಯನ್ನು ತೆರೆದಳು. ವಿಶ್ವವಿದ್ಯಾನಿಲಯವು ಮೊಮ್ಮಗಳ ಯೋಗ್ಯತೆಯನ್ನು ಬಹಿರಂಗವಾಗಿ ಸಾರಿತು. ಸಂಶೋಧನಾಲಯವೊಂದು ಬಾಗಿಲು ತೆರೆಯಿತು. ಸರಕಾರವು ಪ್ರಯಾಣದ ಹಾಗೂ ವ್ಯಾಸಂಗದ ವೆಚ್ಚವನ್ನು ವಹಿಸಿತು. ಪದಕವು ಇವುಗಳಲ್ಲಿ ಒಂದು ಕೊಂಡಿ ಮಾತ್ರ. ಮುಂದಿನೆರಡು ಕೊಂಡಿಗಳು ಕಳಚಿದ್ದರೆ ಅದು ಬೀರುವಿನ ಆಭರಣವಾಗಿ ಉಳಿಯುತ್ತಿತ್ತು.

ಪ್ರಕೃತ ಕಾಲಕ್ಕೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ನೂರನೆಯ ಘಟಿಕೋತ್ಸವದಲ್ಲಿ ಪದವಿ ಪಡೆದವರೊಳಗೆ ಪುರುಷರಿಗಿಂತ ಸ್ತ್ರೀಯರೇ ಅಧಿಕವಾಗಿದ್ದರು. ಚಂದ್ರಮುಖಿಯ ಕಾಲದಿಂದ ಇಲ್ಲಿಯವರೆಗೆ ನಾವು ನಡೆದ ದೂರವು ಸಾಮಾನ್ಯವಾದುದಲ್ಲ. ಆದರೂ ಸಂಬಳದ ಉದ್ಯೋಗಗಳಲ್ಲಿ, ಸಂಶೋಧನಾಲಯಗಳಲ್ಲಿ, ಆಡಳಿತದ ಉನ್ನತ ಸ್ಥಾನಗಳಲ್ಲಿ ನಮ್ಮ ದೇಶದ ಸ್ತ್ರೀಯರ ಪಾಲು ಇನ್ನೂ ಪುರುಷರಿಗಿಂತ ಬಹಳ ಕಡಮೆಯೇ. ಹಾಗಾದರೆ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದ ಆ ಹುಡುಗಿಯರು ಎಲ್ಲಿಗೆ ಹೋದರು? ಕೆಲವರು ಸ್ವಸಂತೋಷದಿಂದ ಗೃಹಕೃತ್ಯವನ್ನು ಆರಿಸಿಕೊಂಡಿರಬಹುದು. ಅದನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಉಳಿದವರನ್ನು ಯಾರೂ ಕೇಳಲೇ ಇಲ್ಲವೆಂಬುದು ನಮ್ಮ ಚಿಂತೆ. ಪದಕವನ್ನು ಕಂಡು ಹಿಗ್ಗಿದ ಮನೆಯವರೇ, ಮುಂದಿನ ಓದಿಗೆ ಬೇರೆ ಊರಿಗೆ ಹೋಗಬೇಕೆಂದಾಗ ಹಿಂಜರಿಯುವುದನ್ನೂ, ಸಂಬಂಧ ಕೂಡಿಸುವ ಮಾತುಕತೆಯಲ್ಲಿ ಅದೇ ಪದಕವನ್ನು ಒಂದು ಒಡವೆಯಂತೆ ಎಣಿಸುವುದನ್ನೂ ನಾವು ಕಂಡಿದ್ದೇವೆ.

ಆದಕಾರಣ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮಗಳು ಬಹುಮಾನವನ್ನು ತಂದ ದಿನ ಸಿಹಿ ಹಂಚುವುದರೊಡನೆ, ಇನ್ನು ಮುಂದೆ ಏನು ಮಾಡಬೇಕೆಂದಿರುವೆ ಎಂದು ಅವಳನ್ನೇ ಕೇಳಿರಿ. ವಿದ್ಯಾರ್ಥಿವೇತನ, ವಸತಿಗೃಹ, ಪ್ರವೇಶಪರೀಕ್ಷೆ ಇವುಗಳ ವಿಚಾರವನ್ನು ಅವಳೊಡನೆ ಕುಳಿತು ಮಾತನಾಡಿರಿ. ಬಹುಮಾನ ಬಾರದ ಮಗಳಿಗೂ ಇದೇ ಪ್ರಶ್ನೆಯನ್ನು ಅಷ್ಟೇ ವಿಶ್ವಾಸದಿಂದ ಕೇಳಿರಿ.

ಪೂರ್ವವಿದ್ಯಾರ್ಥಿನಿಯರಲ್ಲಿಯೂ ಒಂದು ಮಾತು. ಸಾಧನೆ ಮಾಡಿದ ಸಹೋದರಿಯರನ್ನು ಶಾಲೆಗೆ ಕರೆದು ಶಾಲು ಹೊದಿಸಿ ಹಾರ ಹಾಕಿ ಕಳುಹಿಸುವುದು ಸುಲಭ. ಅದೇ ಮಧ್ಯಾಹ್ನ ಅವರನ್ನು ಕೊನೆಯ ತರಗತಿಯ ಹುಡುಗಿಯರ ನಡುವೆ ಒಂದು ಗಂಟೆಯ ಹೊತ್ತು ಕುಳ್ಳಿರಿಸಿ, ಯಾವ ಪರೀಕ್ಷೆಯನ್ನು ಹೇಗೆ ಬರೆದರು, ಫೀಸಿನ ಹಣವನ್ನು ಹೇಗೆ ಹೊಂದಿಸಿದರು, ಮನೆಯವರನ್ನು ಹೇಗೆ ಒಪ್ಪಿಸಿದರು ಎಂಬುದನ್ನು ಹೇಳಿಸಿದರೆ ಆ ಸನ್ಮಾನವು ಸಾರ್ಥಕವಾಗುವುದು. ಅನುಕೂಲವುಳ್ಳವರು ಕೂಡಿ ಒಂದು ಸಣ್ಣ ದತ್ತಿಯನ್ನು ಇಡುವುದಾದರೆ, ಅದರ ಬಡ್ಡಿಯನ್ನು ಪದಕಕ್ಕೆ ಮೀಸಲಿಡುವುದಕ್ಕಿಂತ, ಕಾಲೇಜಿಗೆ ಅರ್ಜಿ ಹಾಕಲು ಹಣವಿಲ್ಲದ ಹುಡುಗಿಯ ಮೊದಲ ವರ್ಷದ ಶುಲ್ಕಕ್ಕೂ ಪುಸ್ತಕಗಳಿಗೂ ಸಲ್ಲುವಂತೆ ನಿಬಂಧನೆಯನ್ನು ಬರೆಯುವುದು ಮೇಲೆಂದು ನಮಗೆ ತೋರುತ್ತದೆ.

ಹಿರಿಯರನ್ನೂ ಕಿರಿಯರನ್ನೂ ಒಂದೇ ವೇದಿಕೆಯಲ್ಲಿ ನಿಲ್ಲಿಸುವ ಘಟಿಕೋತ್ಸವದ ಅಭಿಪ್ರಾಯವೂ ಇದೇ ಆಗಿರಬೇಕು. ಹಿರಿಯರು ನಡೆದು ಬಂದ ದಾರಿಯನ್ನು ಕಿರಿಯರು ಅಂದು ಕಣ್ಣಾರೆ ಕಾಣುತ್ತಾರೆ. ಆ ದಾರಿಯಲ್ಲಿ ಮರುದಿನ ಬೆಳಿಗ್ಗೆ ಅವರು ಹೆಜ್ಜೆಯಿಡುವಂತೆ ನೋಡಿಕೊಳ್ಳುವುದು ಮನೆಯವರಾದ, ಶಾಲೆಯವರಾದ ನಮ್ಮೆಲ್ಲರಿಗೂ ಸೇರಿದ ಕರ್ತವ್ಯ.