ಕಂದು ಮೈಬಣ್ಣದಲ್ಲಿ ಚರ್ಮರೋಗವನ್ನು ಗುರುತಿಸುವ ಬಗೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಹೊನ್ನಾವರ ತಾಲ್ಲೂಕಿನ ಮಾವಿನಕುರ್ವೆಯಂತಹ ಹೊಳೆದಂಡೆಯ ಊರುಗಳಲ್ಲೂ ಕುಮಟಾದ ಗಜನಿ ಗದ್ದೆಗಳಲ್ಲೂ ದುಡಿಯುವವರ ಕೈಕಾಲು ಮಳೆಗಾಲದುದ್ದಕ್ಕೂ ಕೆಸರುನೀರಿನಲ್ಲಿರುತ್ತದೆ. ಭತ್ತದ ಎಲೆಯ ಮೇಲಿನ ಚುಕ್ಕೆ ನೋಡಿ ಬೆಂಕಿರೋಗವನ್ನು ಗುರುತಿಸುವ ರೈತರು ತಮ್ಮ ಮೈಮೇಲಿನ ಮಚ್ಚೆಯನ್ನು ಮಾತ್ರ ಕಡೆಗಣಿಸುವುದುಂಟು.

ಕೆಂಪು ಕಾಣದಿರಲು ಕಾರಣ

ಉರಿಯೂತವಾದಲ್ಲಿ ರಕ್ತ ಹೆಚ್ಚು ಹರಿದು ಚರ್ಮ ಕೆಂಪಾಗುತ್ತದೆ. ಕಂದು ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಿರುವುದರಿಂದ ಈ ಕೆಂಪು ಮರೆಯಾಗಿ, ಆ ಭಾಗ ಕಡುಕಂದು ಅಥವಾ ನೇರಳೆಯಾಗಿ ಕಾಣುತ್ತದೆ. ಆದ್ದರಿಂದ ಹಗಲು ಬೆಳಕಿನಲ್ಲಿ ನೋಡಿ, ಮೈಯ ಇನ್ನೊಂದು ಬದಿಯ ಅದೇ ಭಾಗದೊಡನೆ ಹೋಲಿಸಬೇಕು. ಬಿಸಿ, ಬಾವು, ನೋವುಗಳನ್ನು ಮುಟ್ಟಿ ತಿಳಿಯಬೇಕು.

ಮುಖ್ಯ ಲಕ್ಷಣಗಳು

1. ಹುಳುಕಡ್ಡಿ: ಉಂಗುರದಂತಹ ಮಚ್ಚೆ, ಅಂಚು ಉಬ್ಬಿ ಕಪ್ಪಾಗಿ, ಹೊಟ್ಟು ಏಳುತ್ತದೆ, ತುರಿಕೆ ಇರುತ್ತದೆ. ಸ್ಟಿರಾಯ್ಡ್ ಬೆರೆತ ಮುಲಾಮನ್ನು ತಾವಾಗಿ ಹಚ್ಚಿದರೆ ತುರಿಕೆ ತಗ್ಗಿದರೂ ರೋಗ ಹರಡುತ್ತದೆ.

2. ಚಿಬ್ಬು: ಎದೆ, ಬೆನ್ನು, ಕುತ್ತಿಗೆಯ ಮೇಲೆ ಮಾಸಲು ಬಿಳಿಯ ಮಚ್ಚೆಗಳು. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಬರುತ್ತದೆ. ಸ್ಪರ್ಶಜ್ಞಾನ ಇರುತ್ತದೆ.

3. ಚರ್ಮದಡಿಯ ಸೋಂಕು: ಬೆರಳ ಸಂದಿನ ಹುಣ್ಣು ಅಥವಾ ಗಾಯದಿಂದ ಆರಂಭವಾಗಿ ಕಾಲು ಬಿಸಿಯಾಗಿ, ಬಿಗಿದು ಊದಿಕೊಳ್ಳುತ್ತದೆ. ಜ್ವರ ಬಂದರೆ ಅಥವಾ ಬಾವು ಮೇಲೇರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

4. ಕುಷ್ಠರೋಗ: ಸುತ್ತಲ ಚರ್ಮಕ್ಕಿಂತ ತಿಳಿಯಾದ, ಕೆಲವೊಮ್ಮೆ ತಾಮ್ರವರ್ಣದ ಮಚ್ಚೆ. ತುರಿಕೆಯೂ ಇಲ್ಲ, ನೋವೂ ಇಲ್ಲ; ಆದ್ದರಿಂದಲೇ ಅಲಕ್ಷ್ಯಕ್ಕೆ ಒಳಗಾಗುತ್ತದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟಿದಾಗ ತಿಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವಾಸಿಯಾದ ಗಾಯ, ಗೇರುಬೀಜದ ಸಿಪ್ಪೆಯ ಎಣ್ಣೆ ತಗುಲಿದ ಸುಟ್ಟ ಕಲೆ ಇತ್ಯಾದಿಗಳು ಹಲವು ತಿಂಗಳು ಕಪ್ಪಾಗಿ ಉಳಿಯಬಹುದು. ಇದು ರೋಗ ಉಳಿದಿರುವುದರ ಗುರುತಲ್ಲ. ಇದನ್ನು ಉಜ್ಜಿ ತೆಗೆಯಲು ಯತ್ನಿಸಬಾರದು.

ಚಿಕಿತ್ಸೆ ಮತ್ತು ಮುಂಜಾಗ್ರತೆ

ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧಿ ಚಿಕಿತ್ಸೆಯಿಂದ ಕುಷ್ಠರೋಗ ಪೂರ್ಣ ಗುಣವಾಗುತ್ತದೆ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ಔಷಧಿ ಸೇವಿಸಬೇಕು; ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ತಡವಾದರೆ ರೋಗ ವಾಸಿಯಾದರೂ, ನರಗಳು ಕೆಟ್ಟು ಮರಗಟ್ಟಿದ ಕೈಬೆರಳಿನ ಶಕ್ತಿ ಮರಳದೇ ಹೋಗಬಹುದು.

ಗದ್ದೆಯಿಂದ ಬಂದೊಡನೆ ಶುದ್ಧ ನೀರಿನಿಂದ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ತಿಂಗಳಿಗೊಮ್ಮೆ ಮನೆಯವರು ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುವುದು ಒಳ್ಳೆಯದು. ವಿಸ್ತರಣಾ ಕಾರ್ಯಕರ್ತರು ಸಂಶಯ ಬಂದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.